ಒಡಪಿನ ಹೆಸರು, ಪಾಸ್‌ಪೋರ್ಟಿನ ಹೆಸರು

ಮದುವೆಯಾಗಿ ಪರದೇಶಕ್ಕೆ ಹೊರಟ ಮಗಳು ಗಂಡನ ಅಡ್ಡಹೆಸರು ಹಚ್ಚಿಕೊಳ್ಳಲೇಬೇಕೆ? ಕಾನೂನು ಹಾಗೆ ಹೇಳಿಲ್ಲ, ವೀಸಾ ಕಚೇರಿಯೂ ಕೇಳುವುದಿಲ್ಲ. ಆದರೂ ಲಗ್ನದ ಹಂಗಾಮು ಮುಗಿಯುತ್ತಿದ್ದಂತೆ ನವಲಗುಂದ ಸೀಮೆಯ ಮನೆಗಳಲ್ಲಿ ಕಾಗದಗಳ ಗೋಜಲು ಶುರುವಾಗುತ್ತದೆ. ಗಂಟು ಬೀಳುವುದು ಹೆಸರು ಬೇರೆಯಿದ್ದುದಕ್ಕಲ್ಲ, ಅವಸರದಲ್ಲಿ ಅರ್ಧಂಬರ್ಧ ಬದಲಿಸಿದ್ದಕ್ಕೆ.

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಬಾಗಿಲಿಗೆ ಅಡ್ಡ ಕೈಚಾಚಿ ನಿಂತ ನಾದಿನಿಯರು, ಅವರ ಬೆನ್ನಿಗೆ ಓಣಿಯ ಹೆಣ್ಣುಮಕ್ಕಳೆಲ್ಲ. "ಹೆಸರು ಹೇಳು, ಇಲ್ಲಂದ್ರ ಒಳಗ ಬಿಡಂಗಿಲ್ಲ!" ಮದುಮಗಳು ಸೆರಗಿನ ತುದಿ ಹಿಡಿದು, ನಗು ತಡೆದು, ಬಾಯಿಪಾಠ ಮಾಡಿಕೊಂಡು ಬಂದ ಒಡಪನ್ನು ಒಂದೇ ಉಸಿರಿಗೆ ಹೇಳಿ, ಕೊನೆಯ ಪ್ರಾಸಕ್ಕೆ ಗಂಡನ ಹೆಸರು ಕೂಡಿಸುತ್ತಾಳೆ. ಹೋ ಎಂಬ ಕೇಕೆ. ಸೇರು ಉರುಳುತ್ತದೆ, ಅಕ್ಕಿ ಚೆಲ್ಲುತ್ತದೆ, ಬಲಗಾಲು ಒಳಗೆ.

ನವಲಗುಂದ ತಾಲ್ಲೂಕಿನ ಮೊರಬದಲ್ಲಿ, ಸುತ್ತಲಿನ ಎರಿ ನೆಲದ ಊರುಗಳಲ್ಲಿ, ಕಡಲೆ-ಜೋಳದ ರಾಶಿ ಮುಗಿದು ಯುಗಾದಿ ದಾಟಿತೆಂದರೆ ಓಣಿ ಓಣಿಯಲ್ಲೂ ಇದೇ ನೋಟ.

ಅಜ್ಜಿಯರ ಕಾಲಕ್ಕೆ ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರುತ್ತಿದ್ದದ್ದು ಒಡಪಿನಲ್ಲಿ ಮಾತ್ರ. ಉಳಿದ ದಿನ "ನಮ್ಮ ಮನಿಯವರು" ಅಂದರೆ ಸಾಕಿತ್ತು. ಈಗಿನ ಮದುಮಗಳು ಅದೇ ಹೆಸರನ್ನು ತಿಂಗಳೊಪ್ಪತ್ತಿನೊಳಗೆ ಹತ್ತಾರು ಅರ್ಜಿಗಳಲ್ಲಿ ತುಂಬಬೇಕು. ಡಲ್ಲಾಸ್, ಟೊರಾಂಟೊ, ಲಂಡನ್‌ನಲ್ಲಿ ಕೆಲಸಕ್ಕಿರುವ ಹುಡುಗ ರಜೆಯ ಮೇಲೆ ಬಂದು ತಾಳಿ ಕಟ್ಟಿ, ಅರಿಷಿಣ ಆರುವ ಮೊದಲೇ ವಿಮಾನ ಹತ್ತಿರುತ್ತಾನೆ. ಹಿಂದೆ ಉಳಿಯುವುದು ಹುಡುಗಿ ಮತ್ತು ಒಂದು ಫೈಲು.

ಆ ಫೈಲಿನ ಮೊದಲ ಅಂಕಣದಲ್ಲೇ ಮನೆಮಂದಿಯ ಚರ್ಚೆ ನಿಲ್ಲುತ್ತದೆ. ಅವಳ ಹೆಸರು ಯಾವುದು ಬರೆಯುವುದು? ತವರಿನದೊ, ಗಂಡನ ಮನೆಯದೊ?

"ಗಂಡಂದೊಂದು ಅಡ್ಡಹೆಸರು, ಹೇಣ್ತಿದೊಂದು ಇದ್ದರ ವೀಸಾ ಕೊಡಂಗಿಲ್ಲಂತ" ಎಂದು ಯಾರೋ ಹೇಳುತ್ತಾರೆ. ಹೇಳಿದವರಿಗೆ ಇನ್ಯಾರೋ ಹೇಳಿರುತ್ತಾರೆ. ಈ ಮಾತು ತಪ್ಪು. ಅಡ್ಡಹೆಸರು ಬೇರೆ ಎಂಬ ಒಂದೇ ಕಾರಣಕ್ಕೆ ಅಮೆರಿಕವಾಗಲಿ, ಕೆನಡಾ, ಬ್ರಿಟನ್, ಆಸ್ಟ್ರೇಲಿಯವಾಗಲಿ ಸಂಗಾತಿ ವೀಸಾ ನಿರಾಕರಿಸುವುದಿಲ್ಲ. ಅಧಿಕಾರಿ ತಿಳಿಯಬೇಕಾದದ್ದು ಎರಡೇ: ಈ ಮದುವೆ ನಿಜವೇ? ಈ ಕಾಗದದಲ್ಲಿರುವ ಹೆಣ್ಣೂ ಆ ಕಾಗದದಲ್ಲಿರುವ ಹೆಣ್ಣೂ ಒಬ್ಬಳೇನಾ?

ಎರಡನೇ ಪ್ರಶ್ನೆಯೇ ನಮ್ಮ ಭಾಗದವರಿಗೆ ಕಠಿಣ. ಕಾರಣ ನಾವು ಹೆಸರಿಡುವ ರೀತಿಯಲ್ಲಿದೆ.

ಮೂರರಲ್ಲಿ ಎರಡು ಹೋದವು

ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತದಲ್ಲಿತ್ತು. ಅಲ್ಲಿನ ಶಾಲೆಯ ದಾಖಲೆ, ಕಂದಾಯದ ಪುಸ್ತಕಗಳಲ್ಲಿ ನಡೆದುಬಂದ ಹೆಸರಿಗೆ ಮೂರು ಭಾಗ. ಮೊದಲು ತನ್ನ ಹೆಸರು, ನಡುವೆ ಅಪ್ಪನದು, ಕೊನೆಗೆ ಮನೆತನದ ಅಡ್ಡಹೆಸರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ ಎಂದು ಬೆಳೆ-ವ್ಯಾಪಾರದ ಹೆಸರುಗಳು. ಬಡಿಗೇರ, ಕಂಬಾರ, ಪತ್ತಾರ ಎಂದು ಕಸುಬಿನವು. ಅಣ್ಣಿಗೇರಿ, ಕುಂದಗೋಳ, ನವಲಗುಂದ ಎಂದು ಊರಿನವು.

ಮದುವೆಯ ದಿನ ಗಂಡಿನ ಹೆಸರಿನ ಒಂದಕ್ಷರವೂ ಅಲುಗುವುದಿಲ್ಲ. ಹೆಣ್ಣಿನ ಹೆಸರಿನಲ್ಲಿ ಮೂರಕ್ಕೆ ಎರಡು ಭಾಗ ಹೋಗುತ್ತವೆ. ನಡುವೆ ಅಪ್ಪನಿದ್ದ ಜಾಗಕ್ಕೆ ಗಂಡ ಬರುತ್ತಾನೆ, ಕೊನೆಯಲ್ಲಿ ಅತ್ತೆಮನೆಯ ಅಡ್ಡಹೆಸರು ಬರುತ್ತದೆ. ಕೆಲವು ಮನೆತನಗಳಲ್ಲಿ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿ ಸೊಸೆಗೆ ಹೊಸ ಹೆಸರನ್ನೇ ಇಡುವ ಪದ್ಧತಿಯೂ ಇದೆ. ಅಲ್ಲಿಗೆ ಮೂರೂ ಹೋದಂತೆ.

ಊರಿನಲ್ಲಿ ಇದರಿಂದ ತೊಂದರೆಯಾಗುತ್ತಿರಲಿಲ್ಲ. ಯಾರ ಮಗಳು, ಯಾರ ಸೊಸೆ ಎಂಬುದು ಎಲ್ಲರಿಗೂ ಗೊತ್ತು. ಪಹಣಿಯಲ್ಲಿ "ಕೋಂ" ಎಂದು ಗಂಡನ ಹೆಸರು ಸೇರಿಸಿದರೆ ಮುಗಿಯಿತು. ಆದರೆ ಸಾವಿರಾರು ಮೈಲಿ ಆಚೆ ಕುಳಿತ ಅಧಿಕಾರಿಯ ಮುಂದಿರುವುದು ಬರೀ ಕಾಗದ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಎರಡರ ನಡುವೆ ಹೊಂದುವುದು ಮೊದಲ ಪದ ಒಂದೇ.

ಪಾಸ್‌ಪೋರ್ಟ್ ಇದನ್ನು ಇನ್ನಷ್ಟು ತೊಡಕು ಮಾಡುತ್ತದೆ. ಅದರಲ್ಲಿರುವುದು ಎರಡೇ ಅಂಕಣ: ಸರ್‌ನೇಮ್ ಮತ್ತು ಗಿವನ್ ನೇಮ್. ನಮ್ಮ ಹುಡುಗಿಯ ಅಪ್ಪನ ಹೆಸರು ಅವಳ ಸ್ವಂತ ಹೆಸರಿನ ಜತೆ ಗಿವನ್ ನೇಮ್‌ನಲ್ಲಿ ಕೂತಿರುತ್ತದೆ. ಹಾಗಾಗಿ ಮದುವೆಯ ನಂತರ ರೂಢಿಯಂತೆ ಹೆಸರು ಬದಲಿಸಿದರೆ ಸರ್‌ನೇಮ್ ಅಷ್ಟೇ ಅಲ್ಲ, ಗಿವನ್ ನೇಮ್ ಕೂಡ ಬದಲಾಗುತ್ತದೆ. ಅಡ್ಡಹೆಸರು ಬದಲಾಗುವುದನ್ನು ಪರದೇಶದ ಅಧಿಕಾರಿ ದಿನಾ ನೋಡುತ್ತಾನೆ. ನಡುವಿನ ಹೆಸರೂ ಬದಲಾಗುವುದು ಅವನಿಗೆ ಅಷ್ಟು ಪರಿಚಿತವಲ್ಲ. ವಿವರಿಸಿ ಬರೆಯದಿದ್ದರೆ ಸಂಶಯ ಬರುವುದು ಇಲ್ಲೇ.

ಒಂದೇ ರಾಜ್ಯ, ಎರಡು ಲೆಕ್ಕ

ಹಳೆ ಮೈಸೂರಿನ ಹುಡುಗನಿಗೆ ಈ ಕಡೆಯ ಹೆಣ್ಣು ಕೊಟ್ಟರೆ ಕತೆಯೇ ಬೇರೆ.

ದ.ರಾ. ಬೇಂದ್ರೆ, ಕೆ.ವಿ. ಪುಟ್ಟಪ್ಪ. ಬರೆಯುವಾಗ ಎರಡೂ ಒಂದೇ ಮಾದರಿ ಅನ್ನಿಸುತ್ತದೆ. ಆದರೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಲ್ಲಿ ಕೊನೆಯದು ಮನೆತನದ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಲ್ಲಿ ಕೊನೆಯದು ಅವರದೇ ಹೆಸರು. ಅದಕ್ಕೆ ಮುಂಚಿನವು ಊರು ಮತ್ತು ತಂದೆ. ಅಲ್ಲಿ ಅಡ್ಡಹೆಸರು ಎಂಬ ಪದ್ಧತಿಯೇ ಇಲ್ಲ. ಹಾಗಿದ್ದರೆ ಆ ಮನೆಗೆ ಸೊಸೆಯಾಗಿ ಹೋದ ಧಾರವಾಡದ ಹುಡುಗಿ ಹಚ್ಚಿಕೊಳ್ಳುವುದು ಏನನ್ನು? ಗಂಡನ ಸ್ವಂತ ಹೆಸರನ್ನು.

ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ ನಮ್ಮಲ್ಲೇ ಇದೆ. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಕುಲಕರ್ಣಿ 1978ರಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರನ್ನು ಮದುವೆಯಾಗಿ ಸುಧಾ ಮೂರ್ತಿ ಆದರು. ನಾಗವಾರ ರಾಮರಾವ್ ನಾರಾಯಣ ಮೂರ್ತಿ ಎಂಬ ಹೆಸರಿನಲ್ಲಿ ಮೂರ್ತಿ ಎಂಬುದು ಮನೆತನದ್ದಲ್ಲ, ಅವರ ಸ್ವಂತ ಹೆಸರಿನ ಕೊನೆಯ ಭಾಗ. ಇಂಗ್ಲಿಷಿನಲ್ಲಿ ಬರೆಯುವಾಗ ಗಂಡನ ಮೂರ್ತಿಗೆ ಒಂದು ಎಚ್ ಹೆಚ್ಚು. ಹೆಂಡತಿ-ಮಕ್ಕಳ ಮೂರ್ತಿಗೆ ಅದಿಲ್ಲ. ಒಂದೇ ಮನೆಯೊಳಗೆ ಎರಡು ಕಾಗುಣಿತ!

ಮುಂದಿನ ತಲೆಮಾರು ಇನ್ನೊಂದು ಹೆಜ್ಜೆ ಹೋಯಿತು. 1980ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದ ಮಗಳು ಅಕ್ಷತಾ 2009ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ರಿಷಿ ಸುನಕ್ ಅವರನ್ನು ಮದುವೆಯಾದರು. ಹೆಸರು ಬದಲಿಸಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಗಂಡ ಬ್ರಿಟನ್ನಿನ ಪ್ರಧಾನಿಯಾದಾಗಲೂ ಅವರು ಅಕ್ಷತಾ ಮೂರ್ತಿಯೇ. ಬ್ರಿಟನ್ ಪ್ರಧಾನಿಯ ಮನೆಯಲ್ಲೇ ಎರಡು ಅಡ್ಡಹೆಸರು ನಡೆದಿರುವಾಗ ಮೊರಬದ ಮಗಳಿಗೆ ಯಾಕೆ ಅಳುಕು?

ಇದು ಸಿರಿವಂತರ ಮಾತು ಎನ್ನುವವರಿಗೆ ಹುಬ್ಬಳ್ಳಿಯದೇ ಇನ್ನೊಂದು ಹೆಸರಿದೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಸಂಗೀತ ಕಲಿತ ಗಂಗೂಬಾಯಿಯವರ ಪತಿ ಗುರುರಾವ್ ಕೌಲಗಿ. ಆದರೆ ಜಗತ್ತು ಅವರನ್ನು ಅರಿತದ್ದು ಹಾನಗಲ್ ಎಂಬ ಊರ ಹೆಸರಿನಿಂದ, ಮತ್ತು ಮಗಳು ಕೃಷ್ಣಾ ಕೂಡ ಅದೇ ಹೆಸರಿನಲ್ಲಿ ಹಾಡಿದರು. ಗಂಡನ ಅಡ್ಡಹೆಸರಿಲ್ಲದೆ ಬದುಕಿದ ಹೆಣ್ಣನ್ನು ಈ ಸೀಮೆ ತಲೆಯ ಮೇಲೆ ಹೊತ್ತು ಮೆರೆಸಿದೆ.

┃ ಚೌಕಟ್ಟು: ದೇಶಕ್ಕೊಂದು ರೀತಿ
ಅಮೆರಿಕ: ವೀಸಾ ಅರ್ಜಿ ಡಿಎಸ್-160ರಲ್ಲೂ ಪತಿ ಸಲ್ಲಿಸುವ ಐ-130ರಲ್ಲೂ "ಬೇರೆ ಹೆಸರು ಬಳಸಿದ್ದೀರಾ" ಎಂಬ ಪ್ರಶ್ನೆ ಇದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ ಇರುವ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್‌ನಲ್ಲಿ "ಎಫ್‌ಎನ್‌ಯು", ಅಂದರೆ ಹೆಸರು ಗೊತ್ತಿಲ್ಲ, ಎಂದು ಬೀಳುತ್ತದೆ.
ಕೆನಡಾ: ಮದುವೆಗೆ ಮುಂಚಿನ ಹೆಸರನ್ನು ಇಲ್ಲೂ ಕೇಳುತ್ತಾರೆ. ಕ್ವಿಬೆಕ್ ಪ್ರಾಂತ್ಯದಲ್ಲಿ 1981ರಿಂದ ಹೆಂಡತಿ ತನ್ನ ಹುಟ್ಟುಹೆಸರಿನಲ್ಲೇ ವ್ಯವಹರಿಸಬೇಕು.
ಫ್ರಾನ್ಸ್: 1794ರ ಕಾನೂನಿನಿಂದಲೂ ಅಧಿಕೃತ ಹೆಸರೆಂದರೆ ಜನನ ದಾಖಲೆಯದು.
ಯುಎಇ: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಪ್ರವಾಸಿ ಪ್ರವೇಶಕ್ಕೆ 2022ರ ನವೆಂಬರ್‌ನಲ್ಲಿ ತಡೆ ಬಂತು.

ಕಾನೂನು ಏನನ್ನುತ್ತದೆ

1955ರ ಹಿಂದೂ ವಿವಾಹ ಕಾಯ್ದೆಯನ್ನು ಮೊದಲಿಂದ ಕೊನೆಯವರೆಗೆ ಓದಿದರೂ ಹೆಂಡತಿ ಗಂಡನ ಹೆಸರು ಇಟ್ಟುಕೊಳ್ಳಬೇಕೆಂಬ ಸಾಲು ಸಿಗುವುದಿಲ್ಲ. ಬದಲಿಸುವುದು ರೂಢಿ, ಬದಲಿಸದಿರುವುದು ಹಕ್ಕು.

ಪಾಸ್‌ಪೋರ್ಟ್ ನಿಯಮಗಳೂ ಇದೇ ದಾರಿಯಲ್ಲಿ ಸಡಿಲವಾಗಿವೆ. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಮದುವೆಯಾದವರು ಪಾಸ್‌ಪೋರ್ಟಿಗೆ ವಿವಾಹ ಪ್ರಮಾಣಪತ್ರ ಕೊಡಲೇಬೇಕೆಂಬ ನಿಯಮವನ್ನು ಕೈಬಿಟ್ಟಿತು. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಣ್ಣುಮಕ್ಕಳು ಹೆಸರು ಬದಲಿಸುವ ಅಗತ್ಯವಿಲ್ಲ ಎಂದು 2017ರ ಏಪ್ರಿಲ್‌ನಲ್ಲಿ ಪ್ರಧಾನಿಯೇ ಹೇಳಿದರು.

ವೀಸಾಕ್ಕೆ ಮಾತ್ರ ವಿವಾಹ ಪ್ರಮಾಣಪತ್ರ ಬೇಕೇಬೇಕು. ಅದೇ ಎರಡು ಹೆಸರುಗಳನ್ನು ಕೂಡಿಸುವ ಕೊಂಡಿ. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರ ಫೆಬ್ರುವರಿ 14ರಂದು ಸೀಮಾ ಪ್ರಕರಣದಲ್ಲಿ ಹೇಳಿತ್ತು. ಆದರೆ ಹಳ್ಳಿಯಲ್ಲಿ ಸಾವಿರ ಜನ ಉಂಡು ಹರಸಿದ ಮದುವೆಗೆ ಮತ್ಯಾಕೆ ಕಾಗದ ಎಂಬ ಭಾವನೆ ಹೋಗಿಲ್ಲ. ವೀಸಾ ಮಾತು ಬಂದ ಮೇಲೆಯೇ ಉಪ ನೋಂದಣಾಧಿಕಾರಿ ಕಚೇರಿಯ ನೆನಪು.

ಎಲ್ಲ ತಪ್ಪುಗಳ ಬೇರು ಇರುವುದೂ ಈ ಕಚೇರಿಯ ಅರ್ಜಿಯಲ್ಲೇ. ಪುರಾವೆಗೆಂದು ಲಗ್ನಪತ್ರಿಕೆ ಕೊಡುತ್ತಾರೆ. ಅದರಲ್ಲಿ "ಚಿ.ಕುಂ.ಸೌ." ಎಂದ ಮೇಲೆ ಅಚ್ಚಾಗಿರುವುದು ಮನೆಯವರು ಕರೆಯುವ ಮುದ್ದಿನ ಹೆಸರು. ಅರ್ಜಿ ತುಂಬುವವರು ಅದನ್ನೇ ಬರೆಯುತ್ತಾರೆ, ಇಲ್ಲವೇ ಆಗಲೇ ಗಂಡನ ಅಡ್ಡಹೆಸರು ಸೇರಿಸಿಬಿಡುತ್ತಾರೆ. ಹೀಗೆ ಹುಟ್ಟುವ ಪ್ರಮಾಣಪತ್ರದಲ್ಲಿ ವಧುವಿನ ಹೆಸರು ಅವಳ ಹಳೆಯ ಯಾವ ದಾಖಲೆಗೂ ಹೊಂದುವುದಿಲ್ಲ. ಕೂಡಿಸಬೇಕಾದ ಕೊಂಡಿಯೇ ಕಳಚಿದ ಮೇಲೆ ಉಳಿದದ್ದೆಲ್ಲ ಅಫಿಡವಿಟ್, ಅಲೆದಾಟ.

ಆದ್ದರಿಂದ ನನ್ನ ಮಾತು ಇಷ್ಟೇ: ವಿವಾಹ ನೋಂದಣಿಯಲ್ಲಿ ವಧುವಿನ ಹೆಸರು ಅವಳ ಪಾಸ್‌ಪೋರ್ಟಿನಲ್ಲಿ ಇದ್ದಂತೆ, ಅಕ್ಷರಕ್ಕೆ ಅಕ್ಷರ, ಇರಲಿ. ಪಾಸ್‌ಪೋರ್ಟ್ ಇನ್ನೂ ಆಗಿಲ್ಲವೆಂದರೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿದ್ದಂತೆ ಇರಲಿ. ವರನದೂ ಹಾಗೆಯೇ. ಪತ್ರ ಮುದ್ರಣವಾಗುವ ಮೊದಲೇ ಓದಿ ನೋಡಬೇಕು. ತಿದ್ದುವುದಕ್ಕಿಂತ ಸರಿಯಾಗಿ ಬರೆಸುವುದು ನೂರು ಪಾಲು ಹಗುರ.

ಬದಲಿಸುವುದಾದರೆ ಯಾವಾಗ?

ಬದಲಿಸದೆ ಇರುವುದೇ ಸುಲಭದ ದಾರಿ. ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ವೀಸಾ ಅರ್ಜಿ, ಅದೇ ಹೆಸರಿನಲ್ಲಿ ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ವಿಮಾನದ ಟಿಕೆಟು. ಗಂಡ-ಹೆಂಡತಿ ಎಂದು ತೋರಿಸಲು ವಿವಾಹ ಪ್ರಮಾಣಪತ್ರ ಸಾಕು. ಗಂಡನ ಹೆಸರು ಎಲ್ಲಾದರೂ ಇರಲಿ ಎನ್ನುವವರಿಗೆ ನಡುವಿನ ದಾರಿಯೂ ಇದೆ: ತನ್ನ ಹೆಸರು ಹಾಗೇ ಉಳಿಸಿಕೊಂಡು ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಪತಿಯ ಹೆಸರು ಸೇರಿಸುವುದು. ವಿವಾಹ ಪ್ರಮಾಣಪತ್ರ ಅಥವಾ ಇಬ್ಬರ ಜಂಟಿ ಫೋಟೋ ಇರುವ ಘೋಷಣೆ ಕೊಟ್ಟರೆ ಅದು ಆಗುತ್ತದೆ. ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಇದಕ್ಕಾಗಿ ಬೆಂಗಳೂರು ಕಾಣಬೇಕಿಲ್ಲ. 36 ಪುಟದ ಪಾಸ್‌ಪೋರ್ಟಿನ ಮರುವಿತರಣೆಗೆ ಸಾಮಾನ್ಯ ಶುಲ್ಕ 1,500 ರೂಪಾಯಿ.

ಇಲ್ಲ, ಗಂಡನ ಅಡ್ಡಹೆಸರು ನನಗೂ ಬೇಕು ಎಂದು ಹುಡುಗಿಯೇ ಬಯಸಿದರೆ ಅದೂ ಅವಳ ಹಕ್ಕು. ಪತಿ ಅರ್ಜಿ ಹಾಕುವ ಮೊದಲೇ ಅದನ್ನು ಮಾಡಿ ಮುಗಿಸಲಿ. ಮೊದಲು ವಿವಾಹ ಪ್ರಮಾಣಪತ್ರ, ಆಮೇಲೆ ಪಾಸ್‌ಪೋರ್ಟ್, ಬೆನ್ನಿಗೇ ಆಧಾರ್, ಪ್ಯಾನ್, ಬ್ಯಾಂಕ್. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ ಎಂಬುದು ನೆನಪಿರಬೇಕು. ಒಂದನ್ನು ಕಾಗುಣಿತಕ್ಕೆ ಆಗಲೇ ಖರ್ಚು ಮಾಡಿಕೊಂಡವರು ನಮ್ಮಲ್ಲಿ ಬಹಳ. ಅಂಕಪಟ್ಟಿ, ಪದವಿ ಪತ್ರಗಳ ಹೆಸರು ಮದುವೆಯ ಕಾರಣಕ್ಕೆ ಬದಲಾಗುವುದಿಲ್ಲ. ಮುಂದೆ ಪರದೇಶದಲ್ಲಿ ಕೆಲಸ ಹುಡುಕುವಾಗ, ಓದಲು ಸೇರುವಾಗ ಹಳೆಯ ಹೆಸರಿನ ಪದವಿಯ ಜತೆ ವಿವಾಹ ಪ್ರಮಾಣಪತ್ರವನ್ನೂ ತೋರಿಸುತ್ತಾ ಇರಬೇಕಾಗುತ್ತದೆ.

ತೀರಾ ಕೆಟ್ಟ ಹೊತ್ತು ಎಂದರೆ ನಡುವಿನದು. ಅರ್ಜಿ ಹಳೆಯ ಹೆಸರಿನಲ್ಲಿ ಹೋಗಿದೆ, ಸಂದರ್ಶನದ ದಿನ ಗೊತ್ತಾಗಬೇಕಿದೆ, ಅಷ್ಟರಲ್ಲಿ ಯಾರದೋ ಸಲಹೆ ಕೇಳಿ ಪಾಸ್‌ಪೋರ್ಟ್ ಬದಲಿಸುತ್ತಾರೆ. ಇದರಿಂದ ವೀಸಾ ತಪ್ಪಿಹೋಗುತ್ತದೆ ಎಂದಲ್ಲ. ಹೊಸ ಪಾಸ್‌ಪೋರ್ಟಿನ ಪ್ರತಿ, ವಿವಾಹ ಪ್ರಮಾಣಪತ್ರ ಕಳಿಸಿ ಕಡತ ತಿದ್ದಿಸಬಹುದು. ಆದರೆ ಅಷ್ಟು ದಿನ ಕಾಯುವಿಕೆ ಕಟ್ಟಿಟ್ಟ ಬುತ್ತಿ. ಹಳೆಯ ಪಾಸ್‌ಪೋರ್ಟನ್ನು ಮಾತ್ರ ಎಸೆಯಬಾರದು. ವೀಸಾ ಬಂದ ಮೇಲೆ ಹೆಸರು ಬದಲಿಸಿದವರು ಹೊಸ ಹೆಸರಿನಲ್ಲಿ ಹೊಸ ವೀಸಾ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಸಲಹೆ ಕೊಡುತ್ತದೆ.

ಅವಸರ ಯಾಕೆ ಬೇಡ ಎಂದರೆ, ಅಲ್ಲಿ ನೆಲೆಯಾದ ಮೇಲೂ ದಾರಿಗಳಿವೆ. ಅಲ್ಲಿನ ಭಾರತೀಯ ದೂತಾವಾಸಗಳಲ್ಲಿ ಪಾಸ್‌ಪೋರ್ಟ್ ಮರುವಿತರಣೆಯಾಗುತ್ತದೆ. ಮುಂದೊಂದು ದಿನ ಅಮೆರಿಕದ ಪೌರತ್ವ ಪಡೆಯುವಾಗ ಹೆಸರು ಬದಲಾವಣೆಯನ್ನೂ ಜತೆಗೇ ಕೋರಬಹುದು.

┃ ಚೌಕಟ್ಟು: ಕಾಗುಣಿತದ ಕಾಟ
ಪಾಟೀಲ, ಗೌಡರ, ಹಿರೇಮಠ, ಮೆಣಸಿನಕಾಯಿ. ಕನ್ನಡದಲ್ಲಿ ಒಂದೇ ರೂಪ. ಇಂಗ್ಲಿಷಿಗೆ ಹೋದರೆ ಶಾಲೆಯಲ್ಲೊಂದು, ಬ್ಯಾಂಕಿನಲ್ಲೊಂದು, ಮತದಾರರ ಚೀಟಿಯಲ್ಲೊಂದು. ಗಂಡನ ಅಡ್ಡಹೆಸರು ತೆಗೆದುಕೊಂಡರೂ ಅವನ ಪಾಸ್‌ಪೋರ್ಟಿನ ಕಾಗುಣಿತ ನೋಡಿಯೇ ಬರೆಯಬೇಕು. ಸಣ್ಣ ವ್ಯತ್ಯಾಸಗಳಿಗೆ "ಇವೆರಡೂ ಹೆಸರು ಒಬ್ಬರದೇ" ಎಂಬ ನೋಟರಿ ಅಫಿಡವಿಟ್ ನಡೆಯುತ್ತದೆ. ಪೂರ್ತಿ ಬೇರೆ ಹೆಸರಾದರೆ ಅದು ಸಾಲದು. ಪತ್ರಿಕಾ ಪ್ರಕಟಣೆ, ರಾಜಪತ್ರದವರೆಗೆ ಹೋಗಬೇಕಾದೀತು.

ಮುಚ್ಚಿಟ್ಟರೆ ಕೆಡುಕು

ಅಮೆರಿಕ, ಕೆನಡಾದ ಅರ್ಜಿಗಳಲ್ಲಿ ಬೇರೆ ಹೆಸರುಗಳನ್ನು ಕೇಳುತ್ತಾರೆ ಎಂದೆ. ಹೆಣ್ಣುಮಕ್ಕಳ ಹೆಸರು ಬದಲಾಗುತ್ತದೆ, ಆಗದೆಯೂ ಇರುತ್ತದೆ ಎಂಬುದು ಅಲ್ಲಿನ ಅಧಿಕಾರಿಗಳಿಗೆ ಮೊದಲೇ ಗೊತ್ತು. ಆ ಅಂಕಣವನ್ನು ನಮ್ಮವರು ಹೆದರಿ ಖಾಲಿ ಬಿಡುತ್ತಾರೆ, "ಎರಡು ಹೆಸರು ಅಂದ್ರ ಏನರ ತಿಳಕೊಂಡಾರು" ಎಂದು. ಅಲ್ಲಿ ಎಲ್ಲವನ್ನೂ ಬರೆಯಬೇಕು: ತವರಿನ ಹೆಸರು, ಗಂಡನ ಮನೆಯ ಹೆಸರು, ಅಕ್ಕಿಯಲ್ಲಿ ಬರೆಸಿದ ಹೆಸರು. ಬರೆದ ಹೆಸರಿಗೆ ವಿವರಣೆ ಕೇಳುತ್ತಾರೆ. ಬರೆಯದೆ ಬಿಟ್ಟದ್ದು ಆಮೇಲೆ ಯಾವುದೋ ಕಾಗದದಲ್ಲಿ ಕಂಡರೆ ಸಂಶಯ ಪಡುತ್ತಾರೆ.

ಒಂದೇ ಅಡ್ಡಹೆಸರಿದ್ದರೆ ಮದುವೆ ನಿಜವೆಂದು ನಂಬುತ್ತಾರೆ ಎಂಬ ಎಣಿಕೆಯೂ ಸರಿಯಲ್ಲ. ಅವರು ನೋಡುವುದು ಮದುವೆಯ ಫೋಟೋ, ಎರಡೂ ಕಡೆಯ ಬಂಧುಗಳ ಹಾಜರಿ, ಫೋನಿನ ಮಾತುಕತೆ, ಜಂಟಿ ಖಾತೆ, ವಿಮೆಯ ನಾಮಿನಿ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಪತಿಯ ಐ-130 ಮೂಲಕ ಅಮೆರಿಕಕ್ಕೆ ಹೋದ ಹೆಂಡತಿಗೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುನ್ನಿನ 90 ದಿನಗಳಲ್ಲಿ ಕೂಡಿ ಬಾಳುತ್ತಿರುವ ಪುರಾವೆಯನ್ನು ಮತ್ತೊಮ್ಮೆ ಕೊಡಬೇಕು. ಆಗಲೂ ಬೇಕಾದದ್ದು ಸಂಸಾರದ ಸಾಕ್ಷಿ.

ಮರಳಿ ಬರುವ ದಾರಿಯ ಬಗ್ಗೆಯೂ ಹೇಳಲೇಬೇಕು. ಮದುವೆಗೆ ಹೆಸರು ಬದಲಿಸುವಾಗ ಹೆಣ್ಣಿನ ಅಪ್ಪನ ಒಪ್ಪಿಗೆಯನ್ನು ಯಾವ ಕಚೇರಿಯೂ ಕೇಳುವುದಿಲ್ಲ. ತವರಿನ ಹೆಸರಿಗೆ ಮರಳಲು ರಾಜಪತ್ರ ಪ್ರಕಟಣೆಗೆ ಹೋದರೆ ವಿಚ್ಛೇದನದ ಆದೇಶ ಅಥವಾ ಗಂಡನ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಈ ನಿಯಮವನ್ನು ಪ್ರಶ್ನಿಸಿ 2024ರಲ್ಲಿ ಒಬ್ಬ ಮಹಿಳೆ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ತನ್ನದೇ ಹೆಸರನ್ನು ಮರಳಿ ಪಡೆಯಲು ಇನ್ನೊಬ್ಬರ ಸಹಿ ಬೇಕೆನ್ನುವುದು ನನಗೆ ನ್ಯಾಯವೆನ್ನಿಸುವುದಿಲ್ಲ. ಪರದೇಶದಲ್ಲಿ ಸಂಸಾರ ಮುರಿದು ಒಂಟಿಯಾದವಳಿಗೆ ಆ ಸಹಿ ಸಿಗುವುದು ಎಷ್ಟು ಕಷ್ಟ ಎಂಬುದನ್ನು ಹೆಸರು ಬದಲಿಸಲು ಒತ್ತಾಯಿಸುವ ಹಿರಿಯರು ಯೋಚಿಸಬೇಕು.

ಬಾಣಂತನಕ್ಕೆ ಹೊರಟ ತಾಯಿ

ಮಗಳ ಕಾಗದ ಸರಿಹೋದರೂ ಮನೆಯಲ್ಲಿ ಇನ್ನೊಂದು ಹೆಸರು ಉಳಿದಿರುತ್ತದೆ. ವರ್ಷ-ಎರಡು ವರ್ಷದಲ್ಲಿ ಬಾಣಂತನಕ್ಕೆಂದು ತಾಯಿಯೂ ಹೊರಡಬೇಕು. ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ಒಂದೇ ಪದ, ಅದೂ ಅಂಕಪಟ್ಟಿಯಲ್ಲಿ ಮೇಷ್ಟ್ರು ಬರೆದಂತೆ. ತಾಯಿಯ ಆಧಾರ್‌ನಲ್ಲಿ ಹೆಸರಿನ ಜತೆ ಗಂಡ, ಅಡ್ಡಹೆಸರು. ಪಹಣಿಯಲ್ಲಿ "ಕೋಂ". ಅವ್ವ, ಬಾಯಿ, ಅಮ್ಮ ಎಂಬ ಕೊನೆಗಳು ಒಂದೊಂದು ಕಡೆ ಒಂದೊಂದು.

ಆಕೆಗೆ ಇದು ಮೊದಲ ಪಾಸ್‌ಪೋರ್ಟ್. ಅರ್ಜಿ ಹಾಕುವ ಮುಂಚೆಯೇ ಆಧಾರ್‌ನ ಹೆಸರು ಸರಿಯಿದೆಯೇ ನೋಡಿ, ಒಂದು ರೂಪ ಗಟ್ಟಿ ಮಾಡಿ, ಸರ್‌ನೇಮ್ ಅಂಕಣ ಖಾಲಿ ಬಿಡದೆ ತುಂಬಿಸಬೇಕು. ಮಗಳ ಪಾಸ್‌ಪೋರ್ಟಿನಲ್ಲಿರುವ ಒಂಟಿ ಹೆಸರೂ ಈ ಪೂರ್ಣ ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿಟ್ಟುಕೊಂಡರೆ ಪ್ರವಾಸಿ ವೀಸಾ ಸಂದರ್ಶನದಲ್ಲಿ ಉತ್ತರ ಸಲೀಸು. ಅಮೆರಿಕಕ್ಕೆ ಆಕೆ ತುಂಬುವುದೂ ಅದೇ ಡಿಎಸ್-160. ಬೇರೆ ಹೆಸರು ಬಳಸಿದ್ದೀರಾ ಎಂಬ ಪ್ರಶ್ನೆ ಅಲ್ಲೂ ಬರುತ್ತದೆ. ಅರ್ಜಿ ತುಂಬುವ ಮಗನೊ ಅಳಿಯನೊ "ಇಲ್ಲ" ಎಂದು ಒತ್ತಿ ಮುಂದೆ ಹೋಗುವ ಮೊದಲು, ಮದುವೆಗೆ ಮುಂಚೆ ನಿನ್ನ ಪೂರ್ತಿ ಹೆಸರೇನಿತ್ತು ಎಂದು ಆಕೆಯನ್ನೇ ಕೇಳಿ ಬರೆಯಬೇಕು.